ಬಾಯಿವಾಸನೆಯ ಹಿಂದಿನ ಕಥೆ

ಎರಡು ವರ್ಷದ ಹಿಂದಿನ ಮಾತು. ಪುಣೆಯ ನಮ್ಮ ಆಫೀಸಿನಲ್ಲಿ ಬೆಳಗಿನ ಮೀಟಿಂಗ್ ಮುಗಿದ ಮೇಲೆ ಸಹೋದ್ಯೋಗಿ ಗೆಳತಿಯೊಬ್ಬಳು ನನ್ನ ಕೈಗೆ ಸದ್ದಿಲ್ಲದೆ ಒಂದು ಪೆಪ್ಪರಮಿಂಟು ಇಟ್ಟಳು. ಅವಳೇನೂ ಹೇಳಲಿಲ್ಲ, ನನಗೆ ಅರ್ಥವಾಯಿತು. ಅಂದಿನಿಂದ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡತೊಡಗಿದೆ. ಆಮೇಲೆ ಮಾತನ್ನೇ ಕಡಿಮೆ ಮಾಡಿದೆ. ಉತ್ತರ ಗೊತ್ತಿದ್ದೂ ಸುಮ್ಮನೆ ಕೂತ ದಿನಗಳುಂಟು. ಮನೆಯಲ್ಲಿ ಮೌತ್‌ವಾಶ್ ಬಾಟಲಿಗಳು ಸಾಲುಗಟ್ಟಿದವು. ಇಷ್ಟೊಂದು ನಾಚಿಕೆ ಎಲ್ಲಿಂದ ಬಂತು ಎಂದು ಹುಡುಕಿದಾಗ ಸಿಕ್ಕ ಇತಿಹಾಸವನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಲಿಸ್ಟರಿನ್ ದ್ರಾವಣವನ್ನು 1879ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಡಾ. ಜೋಸೆಫ್ ಲಾರೆನ್ಸ್ ತಯಾರಿಸಿದ್ದು ಶಸ್ತ್ರಚಿಕಿತ್ಸೆಯಲ್ಲಿ ಸೋಂಕು ತಡೆಯಲು. ಬ್ರಿಟಿಷ್ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಗೌರವಾರ್ಥ ಆ ಹೆಸರು. 1920ರ ದಶಕದಲ್ಲಿ ಕಂಪನಿಯು ಜನಸಾಮಾನ್ಯರಿಗೆ ಗೊತ್ತಿರದ 'ಹ್ಯಾಲಿಟೋಸಿಸ್' ಎಂಬ ವೈದ್ಯಕೀಯ ಪದವನ್ನು ಜಾಹೀರಾತಿಗೆ ತಂದಿತು. ಅದರಲ್ಲಿ ಹೆಸರುವಾಸಿಯಾದವಳು ಎಡ್ನಾ: ಮೂವತ್ತು ಹತ್ತಿರ ಬಂದರೂ ಮದುವೆಯಾಗದ ಕಲ್ಪಿತ ಹುಡುಗಿ. ಕಾರಣ ಬಾಯಿವಾಸನೆ, ಅದನ್ನು ಆಪ್ತ ಗೆಳತಿಯರೂ ಹೇಳುವುದಿಲ್ಲ ಎಂಬುದು ಜಾಹೀರಾತಿನ ತಿರುಳು. ಮಾರಾಟ ಭರದಿಂದ ಏರಿತು. ಬಾಯಿವಾಸನೆ ಮೊದಲೂ ಇತ್ತು. ಅದರ ಭಯವನ್ನು, ಮುಖ್ಯವಾಗಿ ಹೆಣ್ಣುಮಕ್ಕಳ ಭಯವನ್ನು, ಹೀಗೆ ಬೆಳೆಸಿ ಮಾರಲಾಯಿತು. ನೂರು ವರ್ಷದ ನಂತರ ನಾನೂ ಅದನ್ನೇ ಕೊಂಡಿದ್ದೆ!

ನಮ್ಮ ಚರಕಸಂಹಿತೆ ಇದನ್ನು ದಿನಚರಿಯ ವಿಷಯವಾಗಿ ನೋಡುತ್ತದೆ. ಸೂತ್ರಸ್ಥಾನದ 5ನೇ ಅಧ್ಯಾಯ ಒಗರು, ಖಾರ, ಕಹಿ ರುಚಿಯ ಕಡ್ಡಿಯಿಂದ ದಿನಕ್ಕೆರಡು ಸಲ ಹಲ್ಲುಜ್ಜಲು ಹೇಳುತ್ತದೆ. ನಾಲಿಗೆಯ ಬುಡದಲ್ಲಿ ನಿಂತ ಕೊಳೆಯಿಂದ ದುರ್ವಾಸನೆ ಬರುತ್ತದೆ, ಆದ್ದರಿಂದ ಚಿನ್ನ, ಬೆಳ್ಳಿ, ತಾಮ್ರ, ತವರ ಅಥವಾ ಹಿತ್ತಾಳೆಯ ಹರಿತವಿಲ್ಲದ, ಬಾಗಿದ ಪಟ್ಟಿಯಿಂದ ಹೆರೆಯಬೇಕು ಎನ್ನುತ್ತದೆ. ಬಾಯಲ್ಲಿ ಇಟ್ಟುಕೊಳ್ಳಲು ಲವಂಗ, ಏಲಕ್ಕಿ, ಜಾಯಿಕಾಯಿ, ಅಡಿಕೆ, ವೀಳ್ಯದೆಲೆಗಳನ್ನೂ ಹೆಸರಿಸುತ್ತದೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ' ತಾಂಬೂಲವನ್ನು ಅರಸನ ಭೋಗಗಳಲ್ಲಿ ಸೇರಿಸಿತು. ಹಳೆಯದೆಂದು ಎಲ್ಲವನ್ನೂ ಒಪ್ಪಬೇಕಿಲ್ಲ: ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಪ್ರಕಟಿಸಿದೆ.

ಕೊಳೆಯಲ್ಲಿ ಏನಿದೆ ಎಂಬುದನ್ನು ತೋರಿಸಿದ್ದು ಸೂಕ್ಷ್ಮದರ್ಶಕ. 1683ರಲ್ಲಿ ಹಾಲೆಂಡಿನ ಲೇವನ್‌ಹುಕ್ ತನ್ನ ಹಲ್ಲಿನ ಸಂದಿಯ ಬಿಳಿ ಪದಾರ್ಥದಲ್ಲಿ ಓಡಾಡುವ ಸಣ್ಣ ಜೀವಿಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಇಂಥ ಬ್ಯಾಕ್ಟೀರಿಯಾಗಳು ನಾಲಿಗೆಯ ಹಿಂಭಾಗದಲ್ಲೂ ನೆಲೆಸಿ ಗಂಧಕದ ಅನಿಲಗಳನ್ನು ಬಿಡುತ್ತವೆ. ಬಾಯಿ ಒಣಗಿದಷ್ಟೂ ವಾಸನೆ ಹೆಚ್ಚು.

ಕೊನೆಗೂ ದಂತವೈದ್ಯೆಯ ಬಳಿ ಹೋದಾಗ ಅವರು ಹೇಳಿದ್ದೂ ಇಷ್ಟೇ: "ಹಲ್ಲು ಚೆನ್ನಾಗಿದೆ. ನಾಲಿಗೆ ಕ್ಲೀನ್ ಮಾಡಲ್ವಾ? ನೀರು ಎಷ್ಟು ಕುಡೀತೀರಿ?" ತಿಂಡಿ ಬಿಟ್ಟು ಕಾಫಿಯ ಮೇಲೆಯೇ ಮಧ್ಯಾಹ್ನದವರೆಗೆ ದೂಡುತ್ತಿದ್ದ ನನಗೆ ಅಜ್ಜಿ ನೆನಪಾದರು. ಬಚ್ಚಲಮನೆಯ ಗೂಡಿನಲ್ಲಿ ಅವರ ತಾಮ್ರದ ಪಟ್ಟಿ ಇರುತ್ತಿತ್ತು. "ನಾಲಿಗೆ ಹೆರೆದ್ಯೇನೇ?" ಎಂದು ಕೇಳದೆ ಕಾಫಿ ಕೊಡುತ್ತಿರಲಿಲ್ಲ.

ಈಗ ನನ್ನ ರೂಢಿ ಸರಳ. ಎರಡು ಹೊತ್ತು ಹಲ್ಲುಜ್ಜುವುದು, ಹಲ್ಲಿನ ಸಂದಿಗೆ ದಾರ ಆಡಿಸುವುದು, ನಾಲಿಗೆಯನ್ನು ಹಿಂದಿನಿಂದ ಮುಂದಕ್ಕೆ ಮೃದುವಾಗಿ ಹೆರೆಯುವುದು, ಉಂಡ ಮೇಲೆ ಬಾಯಿ ಮುಕ್ಕಳಿಸುವುದು, ತಿಂಡಿ ಬಿಡದಿರುವುದು, ಮೇಜಿನ ಮೇಲೆ ನೀರು, ಬ್ಯಾಗಿನಲ್ಲಿ ಏಲಕ್ಕಿ. ಇಷ್ಟಾದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ; ವಸಡು, ಟಾನ್ಸಿಲ್, ಸೈನಸ್, ಮಧುಮೇಹ ಕಾರಣವಿರಬಹುದು.

ಮೀಟಿಂಗಿನಲ್ಲಿ ಈಗ ಕೈ ಅಡ್ಡ ಹಿಡಿಯುವುದಿಲ್ಲ. ಪೆಪ್ಪರಮಿಂಟು ಕೊಟ್ಟ ಗೆಳತಿಗೆ ತಡವಾಗಿಯಾದರೂ ಥ್ಯಾಂಕ್ಸ್ ಹೇಳಿದೆ. ಆಪ್ತ ಗೆಳತಿಯರು ಹೇಳುವುದಿಲ್ಲ ಎಂಬುದು ಜಾಹೀರಾತಿನ ಮಾತು. ನಾವು ಹೇಳೋಣ, ಮೆಲ್ಲಗೆ, ಒಬ್ಬಳೇ ಇದ್ದಾಗ.