ಹೆಣ್ಣು ಬೇಡಕ್ಕೆ ಮಾದಪ್ಪನ ಬೆಟ್ಟಕ್ಕೆ ನಡೆದೋರು

2023ರ ಫೆಬ್ರವರೀಲಿ ಮಂಡ್ಯ ಜಿಲ್ಲೆ ಕೆ.ಎಂ. ದೊಡ್ಡಿಯಿಂದ ಮಾದಪ್ಪನ ಬೆಟ್ಟಕ್ಕೆ ಬ್ರಹ್ಮಚಾರಿಗಳ ಪಾದಯಾತ್ರೆ ಹೊಂಟಿದ್ದು ನೆನಪೈತಾ ಅಕ್ಕಂದಿರಾ? ಮೂವತ್ತು ದಾಟಿದ ರೈತರ ಮಕ್ಕಳು, ನೂರು ಕಿಲೋಮೀಟರ್ ಮೇಲೇ ದಾರಿ. ಹಿಂದಿನ ವರ್ಷ ಆದಿಚುಂಚನಗಿರಿ ವಧು-ವರರ ಸಮಾವೇಶದಲ್ಲಿ ಗಂಡಿನ ಅರ್ಜಿ ಸಾವಿರಾರು, ಹೆಣ್ಣಿಂದು ಇನ್ನೂರೈವತ್ತರ ಸುಮಾರು. ಟಿವೀಲಿ ನೋಡಿ ನಗಾಡ್ದೋರೇ ಜಾಸ್ತಿ ಕಣ್ರವ್ವ.

ನಮ್ಮ ನಂಜನಗೂಡು, ನರಸೀಪುರದ ಕಡೆಯೂ ಗದ್ದೆ, ಬಾಳೆತೋಟ ಇದ್ದೂ ಒಂಟಿಯಾಗಿರೋರು ಅವ್ರೆ. ಮದುವೆ ಮನೇಲಿ ಉಂಡು ಸುಮ್ಕೆ ಎದ್ದೋಯ್ತವೆ. ಮೈಗೂ ಆಸೆ ಇರ್ತದೆ, ಯಾರ ಕೂಟ ಹೇಳ್ಕತವೆ? ಹಂಗಂತ ಓದಿದ ಹೆಣ್ಣುಮಗ ಸಗಣಿ ಬಾಚಕ್ಕೆ ಒಲ್ಲೆ ಅಂದ್ರೆ ತಪ್ಪಂತೀರಾ? ನಾನಂತೂ ಅನ್ನಲ್ಲ.

ಭ್ರೂಣಲಿಂಗ ಪತ್ತೆ ತಡೆಯೋ ಕಾಯ್ದೆ 1994ರದ್ದು. ಈ ಹುಡುಗರು ನಡೆದ ವರ್ಷವೇ, ಅದೇ ಮಂಡ್ಯದ ಒಂದು ಆಲೆಮನೇಲಿ ಪೊಲೀಸ್ನೋರಿಗೆ ಸಿಕ್ಕಿದ್ದು ಹೊಟ್ಟೇಲಿರೋದು ಹೆಣ್ಣಾ ಗಂಡಾ ನೋಡೋ ಸ್ಕ್ಯಾನಿಂಗ್ ದಂಧೆ.