ಆಳಂದದ ಕುದುರೆಪೇಟೆ ಕಲಿಸುವ ಪಾಠ

ಜೇವರ್ಗಿ ತಾಲೂಕಿನ ಒಂದು ಕುಟುಂಬವು ಮದುವೆಯ ಮೆರವಣಿಗೆಗಳಿಗೆ ಬಾಡಿಗೆ ಕೊಡುವ ಉದ್ದೇಶದಿಂದ ಎಳೆಯ ಕುದುರೆಯೊಂದನ್ನು ಕೊಳ್ಳಲು ನಿರ್ಧರಿಸಿತ್ತು. ಮಾರುವವರು ಅಫಜಲಪುರದ ಕಡೆಯ ಬೀಗರು. ಕೊಡಬೇಕಾದ ಹಣವಾದರೋ ಮಗಳ ಮದುವೆಗೆಂದು ಕೂಡಿಟ್ಟದ್ದು. ಮನೆಯ ಹಿರಿಯರು ನಮ್ಮ ಬಳಿಗೆ ಬಂದು, "ಮೌಲಾನಾ ಸಾಬ್ರ, ದನದ ಡಾಕ್ಟರ್‌ನ ಕರ್ಕೊಂಡ್ ಹೋದ್ರ ಬೀಗರು ತಪ್ಪ ತಿಳ್ಕೊಳ್ಳಂಗಿಲ್ಲೇನ್ರಿ?" ಎಂದು ಕೇಳಿದರು. ನಂಬಿಕೆಯಿರುವಲ್ಲಿ ಪರೀಕ್ಷೆ ಸಲ್ಲದು ಎಂಬ ಭಾವನೆ ನಮ್ಮ ಸಮುದಾಯದಲ್ಲಿ ಆಳವಾಗಿದೆ. ಆದರೆ ನಮ್ಮದೇ ನೆಲದ ಇತಿಹಾಸವೂ ನಮ್ಮ ಧರ್ಮದ ಆದೇಶಗಳೂ ಬೇರೆಯದನ್ನೇ ಹೇಳುತ್ತವೆ.

ಆಳಂದವೆಂದರೆ ಇಂದು ನಮಗೆ ನೆನಪಾಗುವುದು ಲಾಡ್ಲೆ ಮಶಾಯಿಖ್ ಎಂದು ಪ್ರಸಿದ್ಧರಾದ ಹಜರತ್ ಶೇಖ್ ಅಲಾವುದ್ದೀನ್ ಅನ್ಸಾರಿಯವರ ದರ್ಗಾ. ಹದಿನೈದನೆಯ ಶತಮಾನದಲ್ಲಿ ಅದೇ ಆಳಂದ ದಖ್ಖನಿನ ಮಹಾ ಕುದುರೆಪೇಟೆಯೂ ಆಗಿತ್ತು. ಸುಮಾರು 1469ರಲ್ಲಿ ಬಹಮನಿ ರಾಜ್ಯಕ್ಕೆ ಬಂದ ರಷ್ಯಾದ ವರ್ತಕ ಅಫನಾಸಿ ನಿಕಿಟಿನ್ ಇದನ್ನು ದಾಖಲಿಸಿದ್ದಾನೆ. ಶೇಖ್ ಅಲಾವುದ್ದೀನರ ಸ್ಮರಣೆಯ ಸಂದರ್ಭದಲ್ಲಿ, ಬೀದರಿನಿಂದ ಹನ್ನೆರಡು ಹರದಾರಿ ದೂರದ ಈ ಊರಿನಲ್ಲಿ, ವರ್ಷಕ್ಕೊಮ್ಮೆ ಹತ್ತು ದಿನಗಳ ಸಂತೆ ನೆರೆಯುತ್ತಿತ್ತು. ಅಲ್ಲಿಗೆ 20,000ದಷ್ಟು ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವು ಎಂಬುದು ಅವನ ಹೇಳಿಕೆ. ಆ ಸಂಖ್ಯೆ ಒಬ್ಬ ಪ್ರವಾಸಿಯ ಅಂದಾಜು ಎಂದುಕೊಂಡರೂ ಸಂತೆಯ ವೈಭವದಲ್ಲಿ ಸಂದೇಹವಿಲ್ಲ.

ನಿಕಿಟಿನ್ ಸ್ವತಃ ಒಂದು ಕುದುರೆಯನ್ನು ಸಮುದ್ರಮಾರ್ಗವಾಗಿ ಚೌಲ್ ಬಂದರಿಗೆ ತಂದು, ಜುನ್ನರದ ಮೂಲಕ ಬೀದರಿಗೆ ನಡೆಸಿಕೊಂಡು ಬಂದಿದ್ದನು. ಈ ನಾಡಿನಲ್ಲಿ ಕುದುರೆಗಳು ಹುಟ್ಟುವುದಿಲ್ಲ, ಎತ್ತು ಎಮ್ಮೆಗಳಷ್ಟೇ ಹುಟ್ಟುತ್ತವೆ ಎಂದು ಅವನು ಬರೆದಿದ್ದಾನೆ. ಅಶ್ವದಳವನ್ನೇ ನಂಬಿದ್ದ ರಾಜ್ಯಕ್ಕೆ ಅರಬ್ ಮತ್ತು ಪಾರಸಿಕ ತೀರಗಳಿಂದ ಬರುವ ಕುದುರೆ ಅನಿವಾರ್ಯವಾಗಿತ್ತು. ಸಮುದ್ರಯಾನದಲ್ಲಿ ಬಳಲಿದ ಪ್ರಾಣಿ ಮೇಲ್ನೋಟಕ್ಕೆ ಸುಂದರವಾಗಿದ್ದರೂ ಒಳಗೆ ರೋಗಿಯಾಗಿರಬಹುದು. ಆದ್ದರಿಂದ ಕುದುರೆಯನ್ನು ಬಲ್ಲವರ ಕಣ್ಣಿಗೆ ದೊಡ್ಡ ಬೆಲೆಯಿತ್ತು.

ಆ ವಿದ್ಯೆಗೆ ಬಹಮನಿ ಅರಸರು ನೀಡಿದ ಆಶ್ರಯ ಸ್ಮರಣೀಯವಾದುದು. ಸುಲ್ತಾನ್ ಅಹಮದ್ ಶಾಹ್ ವಲಿಯವರ ಆಜ್ಞೆಯಂತೆ ಅಬ್ದುಲ್ಲಾ ಬಿನ್ ಸಫೀ ಎಂಬ ವಿದ್ವಾಂಸರು ಶಾಲಿಹೋತ್ರನ ಹೆಸರಿನ ಸಂಸ್ಕೃತ ಅಶ್ವವೈದ್ಯವನ್ನು ಪಾರಸಿ ಭಾಷೆಗೆ ತಂದರು. ಜ್ಞಾನ ಯಾರ ಬಳಿಯಿದ್ದರೂ ಅದನ್ನು ಸ್ವೀಕರಿಸಬೇಕೆಂಬ ಉದಾರತೆ ಅವರಲ್ಲಿತ್ತು. ಉರ್ದುವಿನಲ್ಲಿ ಕುದುರೆವೈದ್ಯನನ್ನು 'ಸಾಲೋತ್ರಿ' ಎನ್ನುತ್ತಾರೆ. ಆ ಪದ ಶಾಲಿಹೋತ್ರನ ಹೆಸರಿನಿಂದಲೇ ಬಂದದ್ದು.

ಇನ್ನು ಶರೀಅತ್‌ನ ಮಾತು. ಹಾಲು ಹೆಚ್ಚು ತೋರಲೆಂದು ಕರೆಯದೆ ಕೆಚ್ಚಲು ತುಂಬಿಸಿ ಪ್ರಾಣಿಯನ್ನು ಮಾರುವುದನ್ನು ಪ್ರವಾದಿ(ಸ)ಯವರು ನಿಷೇಧಿಸಿದರು. ಹಾಗೆ ಮೋಸಹೋದವನು ಪ್ರಾಣಿಯನ್ನು ಇಟ್ಟುಕೊಳ್ಳಬಹುದು. ಇಲ್ಲವೇ ತಾನು ಕರೆದುಕೊಂಡ ಹಾಲಿಗೆ ಬದಲಾಗಿ ಒಂದು ಅಳತೆ ಖರ್ಜೂರದೊಡನೆ ಹಿಂದಿರುಗಿಸಬಹುದು ಎಂದು ಕಲಿಸಿದರು. ಕೊಂಡವನಿಗೂ ನ್ಯಾಯ, ಮಾರಿದವನಿಗೂ ನ್ಯಾಯ. ಖರೀದಿಗೆ ಮುಂಚೆಯೇ ಇದ್ದು ಕೊಳ್ಳುವವನಿಗೆ ತಿಳಿಯದಿದ್ದ ದೋಷ ಆಮೇಲೆ ಕಂಡುಬಂದರೆ ವಸ್ತುವನ್ನು ಹಿಂದಿರುಗಿಸುವ ಹಕ್ಕನ್ನು ಫಿಕ್‌ಹ್ ಪಂಡಿತರು 'ಖಿಯಾರುಲ್ ಐಬ್' ಎಂದು ಕರೆದರು.

ಕುದುರೆಯ ವಿಷಯದಲ್ಲಿಯೇ ಎರಡು ಘಟನೆಗಳು ವರದಿಯಾಗಿವೆ. ಸಹಾಬಿ ಜರೀರ್ ಬಿನ್ ಅಬ್ದುಲ್ಲಾ(ರ)ರವರಿಗೆ 300 ದಿರ್ಹಮ್‌ಗೆ ಒಂದು ಕುದುರೆ ಗೊತ್ತಾಯಿತು. ಅವರು ಕುದುರೆಯನ್ನು ನೋಡಿ, ಇದರ ಬೆಲೆ ಇನ್ನೂ ಹೆಚ್ಚು ಎಂದು ಮಾರುವವನಿಗೆ ತಾವೇ ತಿಳಿಸಿ, ಕೊನೆಗೆ 800 ದಿರ್ಹಮ್ ಕೊಟ್ಟರು. ಪ್ರತಿಯೊಬ್ಬ ಮುಸ್ಲಿಮನ ಹಿತವನ್ನು ಬಯಸುವೆನೆಂದು ಅವರು ಪ್ರವಾದಿ(ಸ)ಯವರಿಗೆ ಪ್ರತಿಜ್ಞೆ ಮಾಡಿದ್ದರು. ಪರೀಕ್ಷೆಯು ಮಾರುವವನ ವಿರುದ್ಧದ ಅಸ್ತ್ರವಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಎರಡನೆಯದು ಖಲೀಫಾ ಉಮರ್(ರ)ರವರದು. ವ್ಯಾಪಾರ ಕುದುರಿಸಿ ಪರೀಕ್ಷಿಸಲೆಂದು ಕೊಂಡೊಯ್ದ ಕುದುರೆ ಅವರ ವಶದಲ್ಲಿದ್ದಾಗಲೇ ಊನಗೊಂಡಿತು. ಅವರು ಹಿಂದಿರುಗಿಸಬಯಸಿದರು, ಮಾಲೀಕ ಒಪ್ಪಲಿಲ್ಲ. ಇಬ್ಬರೂ ಶುರೈಹ್ ಎಂಬವರನ್ನು ತೀರ್ಪುಗಾರರನ್ನಾಗಿ ಆರಿಸಿದರು. ಪಡೆದಾಗ ಇದ್ದಂತೆಯೇ ಹಿಂದಿರುಗಿಸಬೇಕು, ಇಲ್ಲವೇ ಬೆಲೆ ಕೊಟ್ಟು ಇಟ್ಟುಕೊಳ್ಳಬೇಕು ಎಂದು ಶುರೈಹ್ ತೀರ್ಪಿತ್ತರು. ತಮ್ಮ ವಿರುದ್ಧದ ತೀರ್ಪನ್ನು ಮೆಚ್ಚಿದ ಖಲೀಫಾರು ಅವರನ್ನೇ ಕೂಫಾದ ಕಾಜಿಯನ್ನಾಗಿ ನೇಮಿಸಿದರು. ಕೊಳ್ಳುವವನಿಗೆ ಹಕ್ಕಿರುವಂತೆ ಹೊಣೆಯೂ ಇದೆ ಎಂಬುದೇ ಇದರ ಸಾರ.

ಇಂತಹ ವಿವಾದಗಳು ನಿಲ್ಲುವುದು ಒಂದೇ ಪ್ರಶ್ನೆಯ ಮೇಲೆ: ದೋಷವು ಹಳೆಯದೋ, ಹೊಸದೋ? ಪಶುವೈದ್ಯರು ಖರೀದಿಯ ದಿನ ಬರೆದುಕೊಟ್ಟ ವರದಿ ಈ ಪ್ರಶ್ನೆಗೆ ಉತ್ತರ. ಅದು ಕೊಳ್ಳುವವನನ್ನು ನಷ್ಟದಿಂದಲೂ ಮಾರುವವನನ್ನು ಸುಳ್ಳು ಆರೋಪದಿಂದಲೂ ಕಾಪಾಡುತ್ತದೆ.

ಆದ್ದರಿಂದ ನಾವು ಆ ಹಿರಿಯರಿಗೆ ಹೇಳಿದೆವು: ಬೀಗರಿಗೆ ಮೊದಲೇ ತಿಳಿಸಿರಿ, ಮುಂಗಡ ಕೊಡುವ ಮುನ್ನವೇ ಪರೀಕ್ಷೆ ಆಗಲಿ, ವೈದ್ಯರನ್ನು ನೀವೇ ಆರಿಸಿ ಖರ್ಚನ್ನೂ ನೀವೇ ಭರಿಸಿರಿ, ಸವಾರಿ ಮಾಡಿ ನೋಡುವುದಾದರೆ ಮಾಲೀಕರ ಅನುಮತಿ ಪಡೆಯಿರಿ. ವೈದ್ಯರು ಹಲ್ಲು ನೋಡಿ ವಯಸ್ಸು ತಿಳಿಯುತ್ತಾರೆ. ಎರಡೂವರೆ ವರ್ಷದ ಹೊತ್ತಿಗೆ ನಡುವಿನ ಹಾಲುಹಲ್ಲುಗಳು ಬಿದ್ದು ಹೊಸವು ಬರುತ್ತವೆ, ಐದು ವರ್ಷಕ್ಕೆ ಬಾಯಿ ತುಂಬುತ್ತದೆ. ಕಣ್ಣು, ಗೊರಸು, ಕೀಲುಗಳನ್ನು ನೋಡಿ, ಗಟ್ಟಿ ನೆಲದ ಮೇಲೆ ನಡೆಸಿ, ಓಡಿಸಿ, ಬಳಿಕ ಎದೆಬಡಿತ ಮತ್ತು ಉಸಿರಾಟವನ್ನು ಆಲಿಸುತ್ತಾರೆ. ಗ್ಲ್ಯಾಂಡರ್ಸ್ ರೋಗಕ್ಕಾಗಿ ರಕ್ತಪರೀಕ್ಷೆಯನ್ನೂ ಮಾಡಿಸಬೇಕು. ಇದಕ್ಕೆ ಲಸಿಕೆಯಿಲ್ಲ, ಮನುಷ್ಯರಿಗೂ ಅಂಟಬಲ್ಲದು. ದೃಢಪಟ್ಟರೆ ಪ್ರಾಣಿಯನ್ನು ಕಾನೂನಿನಂತೆ ಕೊನೆಗಾಣಿಸಬೇಕಾಗುತ್ತದೆ. ನಿಕಿಟಿನ್ ತನ್ನ ಕುದುರೆಯನ್ನು ಮಾರಿದ ಬೀದರಿನಲ್ಲಿಯೇ ಇಂದು ಕರ್ನಾಟಕದ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಬಲ್ಲವರನ್ನು ಕೇಳಲು ನಮಗೆ ದೂರವೇನಿಲ್ಲ.

ಡಾಕ್ಟರು ಬರುವರೆಂದು ತಿಳಿದಾಗ ಆ ಬೀಗರು ಸಿಟ್ಟಾಗಲಿಲ್ಲ. ಹಿಂಗಾಲಿನ ಹಳೆಯ ಗಾಯವೊಂದನ್ನು ತಾವೇ ಮುಂದಾಗಿ ತೋರಿಸಿದರು. ವೈದ್ಯರು ಅದನ್ನು ಬರೆದುಕೊಂಡು, ಎಲುಬು ಬಲಿಯುವವರೆಗೆ ಭಾರ ಹೊರಿಸಬಾರದೆಂದು ಎಚ್ಚರಿಸಿದರು. ಬೆಲೆ ತುಸು ಇಳಿಯಿತು, ಸಂಬಂಧ ಉಳಿಯಿತು.

ಕೊಳ್ಳುವವನೂ ಮಾರುವವನೂ ಸತ್ಯ ನುಡಿದು ದೋಷವನ್ನು ತೆರೆದಿಟ್ಟರೆ ವ್ಯಾಪಾರದಲ್ಲಿ ಬರಕತ್ ಇದೆ ಎಂಬುದು ಪ್ರವಾದಿ(ಸ)ಯವರ ಬೋಧನೆ. ಅಲ್ಲಾಹನು ನಮ್ಮ ವ್ಯವಹಾರಗಳಲ್ಲಿ ಆ ಬರಕತ್ತನ್ನು ಕರುಣಿಸಲಿ. ಆಮೀನ್.