ಸಂಶೋಧನ ಪ್ರಬಂಧಗಳ ತಿದ್ದುಪಡಿಯ ಲೆಕ್ಕ

ಓಲೆಗರಿಯ ಕಟ್ಟನ್ನು ಬಿಚ್ಚಿದ ವಿದ್ವಾಂಸರು ಮೊದಲು ಕಡೆಯ ಗರಿಯನ್ನು ಅರಸುವುದುಂಟು. ಪ್ರತಿಮಾಡಿದವನ ಹೆಸರು, ಸಂವತ್ಸರ, ಮಾಸ, ತಿಥಿ ಇವು ಅನೇಕ ವೇಳೆ ಅಲ್ಲಿ ದೊರೆಯುತ್ತವೆ. ಅದು ಗ್ರಂಥದೊಳಗಣ ವಿಷಯವಲ್ಲ, ಗ್ರಂಥವನ್ನು ಕುರಿತ ವಿಷಯ. ಗಣಕಯಂತ್ರವನ್ನು ಬಲ್ಲವರು ಇಂದು ಮೆಟಾಡೇಟಾ ಎನ್ನುವುದು ಇಂಥ ವಿವರವನ್ನೇ. ಆದರೆ ತಾನು ಎಲ್ಲಿ ಏನನ್ನು ತಿದ್ದಿದೆನೆಂಬುದನ್ನು ಲಿಪಿಕಾರನು ಸಾಮಾನ್ಯವಾಗಿ ಹೇಳುವುದಿಲ್ಲ. ಸಂಪಾದಕನು ಹಲವು ಪ್ರತಿಗಳನ್ನು ಹೋಲಿಸಿ, ಪಾಠಾಂತರಗಳಿಂದ ಅದನ್ನು ಊಹಿಸಿಕೊಳ್ಳಬೇಕು.

ತಿದ್ದುಪಡಿಗೇ ಲೆಕ್ಕವಿಡುವ ಈಗಿನ ಯಾಂತ್ರಿಕ ಕ್ರಮವು ಸಾಹಿತ್ಯದ ಮನೆಯಲ್ಲಿ ಹುಟ್ಟಿದುದಲ್ಲ. 1972ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಮಾರ್ಕ್ ರಾಕ್‌ಕೈಂಡ್ ಎಂಬವರು ಗಣಕಯಂತ್ರದ ಪ್ರೋಗ್ರಾಮುಗಳಿಗಾಗಿ ಎಸ್.ಸಿ.ಸಿ.ಎಸ್. ಎಂಬ ವ್ಯವಸ್ಥೆಯನ್ನು ರಚಿಸಿದರು. ಪ್ರತಿಯೊಂದು ಬದಲಾವಣೆಯೊಡನೆ ಮಾಡಿದವರಾರು, ಎಂದು ಮಾಡಿದರು, ಏತಕ್ಕೆ ಮಾಡಿದರು ಎಂಬುದು ಅದರಲ್ಲಿ ದಾಖಲಾಗುತ್ತಿತ್ತು. ಈ ಮೂರನೆಯ ಪ್ರಶ್ನೆಯೇ ದೊಡ್ಡದು. ಕಾರಣವನ್ನು ಬರೆಯಬೇಕಾದವನು ತಿದ್ದುವ ಮೊದಲು ಒಂದು ಗಳಿಗೆ ಯೋಚಿಸುತ್ತಾನೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ರಚಿಸಿದ ಗಿಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬರೆದವರ ಹೆಸರಿಗೆ ಒಂದು ಸ್ಥಾನ, ಅದನ್ನು ಗ್ರಂಥಕ್ಕೆ ಸೇರಿಸಿದವರ ಹೆಸರಿಗೆ ಬೇರೊಂದು ಸ್ಥಾನ. ಜೊತೆಗೆ ಈ ಪ್ರತಿಯು ಯಾವ ಪ್ರತಿಯಿಂದ ಹುಟ್ಟಿತೆಂಬ ವಂಶಾವಳಿ. ವಿದ್ಯಾರ್ಥಿಯ ಕೈ ಯಾವುದು, ಮಾರ್ಗದರ್ಶಕರ ಕೈ ಯಾವುದು ಎಂದು ತಿಳಿಯಬೇಕಾದವರಿಗೆ ಇದಕ್ಕಿಂತ ತಕ್ಕ ಸಾಧನ ಬೇಕಿಲ್ಲ.

ಗ್ರಂಥಪಾಲಕರು ಹಿಡಿದ ದಾರಿ ಬೇರೆ. ಅಮೆರಿಕದ ಒಹಾಯೋ ಪ್ರಾಂತದ ಡಬ್ಲಿನ್ ಊರಿನಲ್ಲಿ 1995ರಲ್ಲಿ ಸೇರಿದ ಸಭೆಯಿಂದ ಡಬ್ಲಿನ್ ಕೋರ್ ಎಂಬ ವಿವರಪಟ್ಟಿ ಹೊರಟು, ಬೇಗನೆ 15 ಅಂಶಗಳಿಗೆ ನಿಂತಿತು. ಇದು ಇಂಥದರ ರೂಪಾಂತರ, ಇದು ಇಂಥದರ ಸ್ಥಾನದಲ್ಲಿ ಬಂದುದು ಎಂದು ಹೇಳುವ ಪದಗಳೂ ಮುಂದೆ ಅದಕ್ಕೆ ಕೂಡಿದವು. 1997ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾನಿಲಯವು ಪ್ರಬಂಧಗಳನ್ನು ವಿದ್ಯುನ್ಮಾನ ರೂಪದಲ್ಲಿಯೇ ಒಪ್ಪಿಸಬೇಕೆಂದು ವಿಧಿಸಿತು. ಭಾರತದಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2009ರ ನಿಬಂಧನೆಯಿಂದ ಈ ಕ್ರಮವು ಕಡ್ಡಾಯವಾಯಿತು. ಕರ್ಣಾಟಕದ ವಿಶ್ವವಿದ್ಯಾನಿಲಯಗಳ ಪ್ರಬಂಧಗಳೂ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ಶೋಧಗಂಗಾ ಭಂಡಾರವನ್ನು ಸೇರುತ್ತವೆ. ಶೀರ್ಷಿಕೆ, ಸಂಶೋಧಕ, ಮಾರ್ಗದರ್ಶಕ, ವಿಶ್ವವಿದ್ಯಾನಿಲಯ ಎಲ್ಲಕ್ಕೂ ಅಲ್ಲಿ ಸ್ಥಾನವುಂಟು. ಸಂಶೋಧನೆಯ ಆರಂಭದ ರೂಪರೇಖೆಗಳಿಗೆ ಶೋಧಗಂಗೋತ್ರಿ ಎಂಬ ಬೇರೆ ಭಂಡಾರವೇ ಇದೆ.

ಹೆಸರುಗಳನ್ನು ಇಟ್ಟವರು ರಸಿಕರೇ ಸರಿ. ಆದರೆ ಗಂಗೋತ್ರಿಯಲ್ಲಿ ಮೂಲವನ್ನೂ ಗಂಗೆಯಲ್ಲಿ ಮುಗಿದ ಪ್ರಬಂಧವನ್ನೂ ಕಂಡವನಿಗೆ ನಡುವಣ ಪಾತ್ರವು ಕಾಣುವುದಿಲ್ಲ. ಯಾವ ಅಧ್ಯಾಯ ಬಿದ್ದುಹೋಯಿತು, ಯಾವ ಆಕ್ಷೇಪದಿಂದ ವಾದವು ತಿರುಗಿತು, ಒಂದು ಮಾತು ಎಂದು ಒಳಹೊಕ್ಕಿತು ಎಂಬ ವಿಚಾರಗಳಿಗೆ ಆ ಭಂಡಾರಗಳಲ್ಲಿ ಎಡೆಯಿಲ್ಲ. ಕೃತಿಚೌರ್ಯದ ಆರೋಪ ಬಂದಾಗ, ನಿರ್ದೋಷಿಯಾದ ವಿದ್ಯಾರ್ಥಿಗೆ ಬೇಕಾಗುವ ಸಾಕ್ಷ್ಯವು ಈ ನಡುವಣ ಕರಡುಗಳಲ್ಲಿಯೇ ಇರುತ್ತದೆ. ಅದೂ ಪೂರ್ಣ ಸಾಕ್ಷ್ಯವೆನ್ನಲಾಗದು: ಗಿಟ್ ಬರೆದಿಡುವ ದಿನಾಂಕವು ಬರೆದವನ ಯಂತ್ರದ ಗಡಿಯಾರದ ಮಾತು, ಅದನ್ನು ಹಿಂದಕ್ಕೆ ತಿರುಗಿಸಬಹುದು. ಆದ್ದರಿಂದ ಕರಡುಗಳ ಒಂದು ಪ್ರತಿ, ಬರೆದ ಕಾಲದಲ್ಲಿಯೇ, ವಿಶ್ವವಿದ್ಯಾನಿಲಯದ ವಶದಲ್ಲಿಯೂ ಇರತಕ್ಕದ್ದು.